ಹೊಸ್ತಿಲ ಮೇಲಿನ ಒಡಪು

ನಮ್ಮ ಕಡೆ ಹೊಸ ಮನೆಗೆ ಗಂಡ ಹೆಂಡತಿ ಕಾಲಿಡುವಾಗ ನಾದಿನಿಯಾದವಳು ಬಾಗಿಲು ತಡೆದು ನಿಲ್ಲಬೇಕು. ಹೆಂಡತಿ ಒಡಪು, ಅಂದರೆ ಪ್ರಾಸದ ಚಿಕ್ಕ ಪದ್ಯ ಕಟ್ಟಿ, ಅದರೊಳಗೆ ಗಂಡನ ಹೆಸರು ಸೇರಿಸಿ ಹೇಳಿದರೇ ಒಳಗೆ ದಾರಿ. ಇದರಲ್ಲಿ ನಮ್ಮಣ್ಣನ ಹೆಂಡತಿ ದಾಕ್ಷಾಯಿಣಿ ವೈನಿಯನ್ನು ಮೀರಿಸಿದವರಿರಲಿಲ್ಲ. ನಿಂತ ನಿಲುವಿನಲ್ಲಿ ಕಟ್ಟುತ್ತಿದ್ದರು, ಮದುವೆಗೆ ನಿಂತ ಹುಡುಗಿಯರಿಗೂ ಕಟ್ಟಿಕೊಡುತ್ತಿದ್ದರು.

ಆಮೇಲೆ ಮಲ್ಟಿಪಲ್ ಸ್ಕ್ಲೆರೋಸಿಸ್ ಬಂತು. ನರದ ರೋಗ. ಮೊದಲು ಕಾಲು ಸೋತಿತು, ನಂತರ ನಾಲಿಗೆ. ಬುದ್ಧಿ ಮಾತ್ರ ಮೊದಲಿನಷ್ಟೇ ಚುರುಕು. ಆದರೆ ವೈನಿ ಒಂದು ಮಾತು ಆಡುವಷ್ಟರಲ್ಲಿ ನಮ್ಮ ಮನೆಯವರು ಹತ್ತು ಆಡಿ ಮುಗಿಸುತ್ತಾರೆ. ಎಲ್ಲರಿಗಿಂತ ಮುಂದೆ ನಮ್ಮಣ್ಣ ರಾಜಶೇಖರ. ವೈನಿ "ಚಾ..." ಎಂದರೆ ಸಾಕು, "ಅಕಿಗೆ ಚಾ ಬೇಕಂತ, ಲಗೂ ತರ್ರಿ" ಎಂದು ಕೂಗುತ್ತಾನೆ. ಪಾಪ, ಅವರು ಹೇಳಹೊರಟದ್ದು ಚಹಾ ಸಾಕು ಅಂತ. ಪ್ರೀತಿಯಿಂದಲೇ ಮಾಡುತ್ತಾನೆ, ನನಗೆ ಸಿಟ್ಟು ಬರುವುದೂ ಅದಕ್ಕೇ.

ಗೋಕುಲ ರಸ್ತೆಯ ಹೊಸ ಮನೆಯ ಗೃಹಪ್ರವೇಶದ ದಿನ ಸೋದರತ್ತೆ ರತ್ನವ್ವ ನನ್ನ ತೋಳು ಹಿಡಿದೆಳೆದರು.

"ಈ ಸಲ ಒಡಪು ಬ್ಯಾಡವಾ. ಇಷ್ಟ ಮಂದಿ ಮುಂದ ಅಕಿ ಮಾನ ಯಾಕ ಕಳೀತಿ?"

ಅದೂ ಖರೇ ಅನ್ನಿಸಿ ನಾನು ಬಾಗಿಲು ಬಿಟ್ಟು ಸರಿದೆ.

ಅಣ್ಣನ ಜೊತೆ ಕೋಲೂರಿಕೊಂಡು ಹೊಸ್ತಿಲ ತನಕ ಬಂದ ವೈನಿ ಅಲ್ಲೇ ನಿಂತುಬಿಟ್ಟರು. ನನ್ನನ್ನು ಹುಡುಕಿ ದಿಟ್ಟಿಸಿದರು.

"ಬಾ...ಗಲಾ... ಯಾರು... ತಡೀ...ಬೇಕು?"

ನನಗೆ ನಾಚಿಕೆಯಾಯಿತು. ಓಡಿ ಬಂದು ಎರಡೂ ಕೈ ಚಾಚಿ ಅಡ್ಡ ನಿಂತೆ. "ಹೆಸರು ಹೇಳ್ರಿ ವೈನಿ, ಇಲ್ಲಂದ್ರ ಒಳಗ ಬಿಡಂಗಿಲ್ಲ!"

ವೈನಿ ಉಸಿರು ಎಳೆದುಕೊಂಡರು. "ಬಾಗಲಕ್ಕ... ಕಟ್ಟೇವಿ... ಮಾವಿನ... ತೋರಣ..."

ಒಂದೊಂದು ಪದಕ್ಕೂ ತುಟಿ ಹೆಣಗುತ್ತಿತ್ತು. ಹಿಂದೆ ಮಂದಿ ಬಿಸಿಲಲ್ಲಿ ಕಾಯುತ್ತ ನಿಂತಿದ್ದರು. ಮುಂದೆ ಬರಬೇಕಾದದ್ದು ಅಣ್ಣನ ಹೆಸರು. ಅದನ್ನು ವೈನಿಯ ಬದಲು ಬೇರೆ ಯಾರೂ ಹೇಳುವ ಹಾಗಿಲ್ಲ, ಸ್ವತಃ ಅಣ್ಣನೂ. ಅವನು ಬಾಯಿ ತೆರೆದ, ನಂತರ ಮುಚ್ಚಿದ.

"ರಾ...ಜ... ಶೇ...ಖರ ಅವರು... ಕಾಯ್ತಾರ... ನನ್ನ ಮಾತು... ಮುಗಿಯೂತನ."

ಹೆಂಗಸರೆಲ್ಲ ಹೋ ಎಂದು ಚಪ್ಪಾಳೆ ತಟ್ಟಿದರು. ರತ್ನವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಗಂಡನ ಹೆಸರನ್ನೂ ಹೇಳಿ, ಅವನಿಗೆ ಬುದ್ಧಿಯನ್ನೂ ಹೇಳಿದ ಒಡಪನ್ನು ನಾನಂತೂ ಮೊದಲ ಸಲ ಕೇಳಿದ್ದು. ಇಂಥ ಗಟ್ಟಿಗಿತ್ತಿ ನಮ್ಮ ಮನೆಗೆ ಬಂದದ್ದು ನಮ್ಮ ಪುಣ್ಯ.

ಒಳಗೆ ಕುಳಿತ ಮೇಲೆ ವೈನಿ "ಚಾ..." ಎಂದರು. ನಾನು ಅಡುಗೆಮನೆಗೆಂದು ಎದ್ದೆ.

ಅಣ್ಣ ನನ್ನ ಕೈ ಹಿಡಿದು ಕೂರಿಸಿದ. "ತಡಿ. ಅಕಿ ಮಾತು ಇನ್ನೂ ಮುಗದಿಲ್ಲ."