ಶುಂಠಿ ಓಡಿಹೋಗಿಲ್ಲ

ಬೇಕರಿಯ ವ್ಯಾನು ಓಡಿಸುವ ಅವಳನ್ನು ಬೀದಿಯವರೆಲ್ಲ ಬ್ರೆಡ್ಡಕ್ಕ ಎಂದೇ ಕರೆಯುತ್ತಿದ್ದರು. ಮನೆಯಲ್ಲಿ ಬಟ್ಟೆ ಹೊಲಿಯುವ ಗಂಡ, ಅತ್ತೆ, ಹತ್ತು ವರ್ಷದ ಮಗಳು, ಮತ್ತೆ ಶುಂಠಿ. ಶುಂಠಿ ಅವರ ಕಂದು ಬಣ್ಣದ ನಾಯಿ. ಹೆಸರಿಟ್ಟವಳು ಮಗಳು. ಅತ್ತೆ ಮಾತ್ರ ಅದನ್ನು "ಲೋ ಶುಂಠಾ" ಎಂದು ಬೈದು ಕರೆದು, ತಮ್ಮ ತಟ್ಟೆಯಲ್ಲಿದ್ದದ್ದರಲ್ಲೇ ಅರ್ಧ ಹಾಕುತ್ತಿದ್ದರು.

ಅಂದು ಬೆಳಿಗ್ಗೆ ಆರೂವರೆ. ಬ್ರೆಡ್ಡಕ್ಕ ವ್ಯಾನು ಹತ್ತಿ, ಕನ್ನಡಿ ನೋಡಿ, ಅಂಗಳದಿಂದ ರಿವರ್ಸ್ ತೆಗೆದಳು. ದಿನಾ ಮಾಡುವ ಕೆಲಸ. ಹಿಂದಿನ ಚಕ್ರ ಏನನ್ನೋ ಹತ್ತಿ ಇಳಿಯಿತು. ಗೋಣಿಚೀಲ ಬಿದ್ದಿರಬೇಕು ಅಂದುಕೊಂಡು ಇಳಿದು ನೋಡಿದರೆ, ಶುಂಠಿ.

ಮೈಮೇಲೆ ಗಾಯವೇ ಕಾಣಲಿಲ್ಲ. ಬಾಯಿಯ ಅಂಚಿನಲ್ಲಿ ಒಂದಿಷ್ಟು ರಕ್ತ, ಅಷ್ಟೆ. ಯಾವತ್ತೂ ಜಗಲಿಯ ಮೇಲೆ ಮಲಗುತ್ತಿದ್ದ ನಾಯಿ ಅಂದು ಯಾಕೋ ವ್ಯಾನಿನ ಕೆಳಗೆ ಮಲಗಿತ್ತು. "ಶುಂಠಿ, ಏಳು" ಎಂದಳು. ಏಳಲಿಲ್ಲ. ಇನ್ನೊಮ್ಮೆ ಎಂದಳು.

ಪೊರಕೆ ಹಿಡಿದು ಹೊರಗೆ ಬಂದ ಅತ್ತೆ ಅದನ್ನು ನೋಡಿ ಪಿಸುದನಿಯಲ್ಲಿ ಹೇಳಿದರು: "ಮಗು ಏಳೋದ್ರೊಳಗೆ ತಗೊಂಡು ಹೋಗಿಬಿಡು. ಕೇಳಿದ್ರೆ ಓಡಿಹೋಯ್ತು ಅಂತೀನಿ. ಹಿಂಗಾಯ್ತು ಅಂದ್ರೆ ಅದು ಎದೆ ಒಡ್ಕೊಳ್ಳುತ್ತೆ."

"ನಿಮ್ಮ ಮಗನಿಗೆ?"

"ಅವನಿಗೂ ಬೇಡ. ಅವನ ಬಾಯಲ್ಲಿ ಎಳ್ಳುಕಾಳೂ ನೆನೆಯಲ್ಲ."

ಬ್ರೆಡ್ಡಕ್ಕ ಅದನ್ನು ಹೊದಿಕೆಯಲ್ಲಿ ಸುತ್ತಿ ತನ್ನ ಪಕ್ಕದ ಸೀಟಿನಲ್ಲಿ ಮಲಗಿಸಿದಳು. ಬೇಕರಿಗೆ ಹೋದಳು. ಟ್ರೇ ತುಂಬಿಸಿಕೊಂಡಳು. ಅಂಗಡಿ ಅಂಗಡಿಗೂ ಬ್ರೆಡ್ಡು ಇಳಿಸಿದಳು. ಒಂದು ಅಂಗಡಿಯಲ್ಲಿ ಕೊಟ್ಟದ್ದನ್ನೇ ಮತ್ತೆ ಕೊಡಲು ಹೋದಾಗ ಅಂಗಡಿಯವನು, "ಏನ್ ಬ್ರೆಡ್ಡಕ್ಕ, ಇವತ್ತು ಡಬಲ್ಲಾ?" ಎಂದು ನಕ್ಕ. ಅವಳೂ ನಕ್ಕಳು. ಯಾಕೆ ನಕ್ಕೆನೆಂದು ಅವಳಿಗೇ ತಿಳಿಯಲಿಲ್ಲ.

ಮುಂದೆ ಒಂದು ತಿರುವಿನಲ್ಲಿ ಪಕ್ಕದ ಹೊದಿಕೆ ಉಸಿರಾಡಿದಂತೆ ಕಂಡಿತು. ಬ್ರೆಡ್ಡಕ್ಕ ವ್ಯಾನನ್ನು ನೇರ ಪಶು ಆಸ್ಪತ್ರೆಗೆ ತಿರುಗಿಸಿದಳು.

ಅಲ್ಲಿನ ನರ್ಸಮ್ಮ ಹೊದಿಕೆ ಸರಿಸಿ, ಶುಂಠಿಯ ಎದೆಗೆ ಸ್ಟೆತಸ್ಕೋಪ್ ಇಟ್ಟು, ತುಂಬಾ ಹೊತ್ತು ಆಲಿಸಿದರು.

"ಇಲ್ಲಮ್ಮ. ಪ್ರಾಣ ಹೋಗಿ ಆಗ್ಲೇ ತುಂಬ ಹೊತ್ತಾಗಿದೆ."

"ಈಗ ಉಸಿರಾಡ್ತಿತ್ತು. ನಾನೇ ನೋಡ್ದೆ."

"ಗಾಡಿ ಅಲ್ಲಾಡಿದ್ದಕ್ಕೆ ಹಾಗೆ ಕಂಡಿರುತ್ತೆ. ಕೂತ್ಕೋ ಮೊದಲು. ನಿನ್ನ ಕೈ ನೋಡು. ಇದೇ ಕೈಲಿ ಊರೆಲ್ಲ ಗಾಡಿ ಓಡಿಸ್ದೆಯಾ?"

ಬ್ರೆಡ್ಡಕ್ಕ ಕೈ ನೋಡಿಕೊಂಡಳು. ಗಡಗಡ ನಡುಗುತ್ತಿತ್ತು. ಅಷ್ಟು ಹೊತ್ತೂ ಅವಳಿಗೆ ಗೊತ್ತೇ ಆಗಿರಲಿಲ್ಲ.

"ಅಳೂ ಬರ್ತಿಲ್ಲ ನರ್ಸಮ್ಮ. ನಾನೇನು ಕಲ್ಲಾ?"

"ಅಲ್ಲ ಕಣಮ್ಮ, ಇದು ಆಘಾತ. ತಲೆಗೆ ಗೊತ್ತಾಗಿದ್ದು ಮನಸ್ಸಿಗೆ ಇನ್ನೂ ಇಳಿದಿಲ್ಲ. ಕೆಲವರಿಗೆ ಅಳು ಆಗಲೇ ಬರುತ್ತೆ, ಕೆಲವರಿಗೆ ವಾರ ಬಿಟ್ಟು. ನೀರು ಕುಡಿ. ಇವತ್ತು ಮತ್ತೆ ಗಾಡಿ ಮುಟ್ಟಬೇಡ. ಮನೇಲಿ ಯಾರಿಗೆ ಗೊತ್ತು?"

"ಅತ್ತೆಗೆ. ಮಗೂಗೆ ಓಡಿಹೋಯ್ತು ಅಂತ ಹೇಳಿರ್ತಾರೆ."

ಅಷ್ಟರಲ್ಲಿ ಗಂಡನ ಫೋನು. ಅವನ ದನಿ ನರ್ಸಮ್ಮನಿಗೂ ಕೇಳಿಸುತ್ತಿತ್ತು. "ಶುಂಠಿ ಕಾಣಿಸ್ತಿಲ್ಲ ಕಣೆ. ಇವಳು ಶಾಲೆಗೂ ಹೋಗ್ದೆ ಬೀದಿ ಬೀದಿ ಕೂಗ್ಕೊಂಡು ತಿರುಗ್ತಿದ್ದಾಳೆ. ನಿನ್ನೆ ಬೈದಿದ್ದಳಂತೆ, ಅದಕ್ಕೇ ಬಿಟ್ಟುಹೋಯ್ತು ಅಂತ ಒಂದೇ ಸಮನೆ ಅಳು."

ಫೋನು ಇಟ್ಟ ಮೇಲೆ ನರ್ಸಮ್ಮ ಕೇಳಿದರು: "ಕೇಳಿಸ್ತಾ? ಓಡಿಹೋಯ್ತು ಅಂದ್ರೆ ಮಕ್ಕಳು ಹುಡುಕ್ತಾರೆ. ಸಿಗದೆ ಹೋದ್ರೆ ತಪ್ಪು ತಮ್ಮದೇ ಅಂದ್ಕೋತಾರೆ."

"ಹಾಗಂತ ಅಮ್ಮನೇ ಕೊಂದಳು ಅಂತ ಹೇಳ್ಲಾ?"

"ಆಗಿದ್ದನ್ನ ಹೇಳು. ಗಾಡಿ ಹಿಂದಕ್ಕೆ ತಗೊಂಡೆ, ಕೆಳಗೆ ಮಲಗಿದ್ದು ಕಾಣಲಿಲ್ಲ, ಸತ್ತುಹೋಯ್ತು ಅನ್ನು. ನಿದ್ದೆ ಮಾಡ್ತಿದೆ, ದೂರ ಹೋಗಿದೆ ಅಂತೆಲ್ಲ ಸುತ್ತಿ ಬಳಸಿ ಹೇಳಬೇಡ."

"ಅವಳು ನನ್ನ ಮುಖ ನೋಡಲ್ಲ."

"ನಾಲ್ಕು ದಿನ ನೋಡದೆ ಇರಬಹುದು. ಆದ್ರೆ ಇಂಥ ಸುಳ್ಳು ಮುಂದೆ ಗೊತ್ತಾದ್ರೆ, ಅದು ನಾಲ್ಕು ದಿನಕ್ಕೆ ಮುಗಿಯಲ್ಲ."

ಬ್ರೆಡ್ಡಕ್ಕ ಫೋನು ಮಾಡಿ ಗಂಡನಿಗೆ ನಿಜ ಹೇಳಿದಳು. ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿದ್ದ ಹಾಗೇ ಅವನು ಓಡಿಬಂದ. ಬಂದವನೇ ಹೊದಿಕೆ ಸರಿಸಿ ಶುಂಠಿಯ ತಲೆ ಸವರಿದ. ಬೇಕರಿಯಿಂದ ಇನ್ನೊಬ್ಬ ಡ್ರೈವರ್ ಬಂದು ಅವರನ್ನು ಮನೆಗೆ ಬಿಟ್ಟ.

ಮಗಳು ಗೇಟಿನ ಹತ್ತಿರ ನಿಂತಿದ್ದಳು. ಕೂಗಿ ಕೂಗಿ ಗಂಟಲು ಕಟ್ಟಿತ್ತು. ಬ್ರೆಡ್ಡಕ್ಕ ಅವಳೆದುರು ಕುಕ್ಕರಗಾಲಿನಲ್ಲಿ ಕೂತು, ನರ್ಸಮ್ಮ ಹೇಳಿದಂತೆಯೇ ಹೇಳಿದಳು. ಹುಡುಗಿ ಕಣ್ಣು ಮಿಟುಕಿಸದೆ ನೋಡಿದಳು.

"ನೋಡದೆ ಯಾಕೆ ಹಿಂದಕ್ಕೆ ತಗೊಂಡೆ?"

"ಕನ್ನಡಿ ನೋಡಿದ್ದೆ. ಬಗ್ಗಿ ಕೆಳಗೆ ನೋಡ್ಲಿಲ್ಲ. ನೋಡಬೇಕಿತ್ತು."

"ಅಜ್ಜಿ ಓಡಿಹೋಯ್ತು ಅಂದ್ರು."

ಬಾಗಿಲಲ್ಲಿದ್ದ ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡರು. "ನಾನು ಸುಳ್ಳು ಹೇಳ್ದೆ ಮಗಾ. ನಿಂಗೆ ನೋವಾಗ್ಬಾರ್ದು ಅಂತ."

"ಹಾಗಾದ್ರೆ ನಾನು ಬೈದಿದ್ದಕ್ಕಲ್ವಾ?"

"ಅಲ್ಲ ಮಗಳೇ. ಅದು ನಿನ್ನ ಬಿಟ್ಟು ಎಲ್ಲೂ ಹೋಗಿರ್ಲಿಲ್ಲ."

ಆಗ ಹುಡುಗಿ ಅತ್ತಳು. ಬೆಳಗಿನಿಂದ ಎಲ್ಲೋ ಸಿಕ್ಕಿಕೊಂಡಿದ್ದ ಬ್ರೆಡ್ಡಕ್ಕನ ಅಳುವೂ ಕಟ್ಟೆಯೊಡೆಯಿತು.

ಹಿತ್ತಲಲ್ಲಿ ಗುಂಡಿ ತೋಡಿದರು. ಮಗಳು ಶುಂಠಿಯ ಕಿವಿ ಸವರಿ ಕೈ ಹಿಂದಕ್ಕೆ ತೆಗೆದಳು. "ತಣ್ಣಗಿದೆ" ಎಂದಳು. ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ, "ಒಂದು ನಾಯಿಗೆ ಇಷ್ಟು ಅಳೋದಾ? ಇನ್ನೊಂದು ಮರಿ ತಂದ್ರಾಯ್ತು" ಎಂದಳು.

ಬೆಳಿಗ್ಗೆ ಸುಳ್ಳು ಹೇಳಿದ್ದ ಅತ್ತೆಯೇ ಉತ್ತರ ಕೊಟ್ಟರು: "ಸತ್ತಿರೋದು ನಮ್ಮ ಶುಂಠ ಕಣಮ್ಮ. ಇನ್ನೊಂದು ಮರಿ ಅವನಾಗುತ್ತಾ? ಅತ್ತು ಹಗುರಾಗ್ಲಿ. ಮರಿ ಮಾತು ಆಮೇಲೆ."

ಬ್ರೆಡ್ಡಕ್ಕ ಮೂರು ದಿನ ರಜೆ ಹಾಕಿದಳು. ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಚಕ್ರ ಹತ್ತಿ ಇಳಿದದ್ದು ಕೂತರೂ ನಿಂತರೂ ಮೈಗೆ ಬಡಿಯುತ್ತಿತ್ತು. ಬಡಿದಾಗಲೆಲ್ಲ ಗಂಡನಿಗೆ ಹೇಳಿದಳು. ಅವನು ಹೊಲಿಗೆ ನಿಲ್ಲಿಸಿ ಕೇಳಿದ. ಮಗಳು ಉಂಡಳು, ಶಾಲೆಗೆ ಹೋದಳು, ಅಮ್ಮನ ಜೊತೆ ಮಾತ್ರ ಮಾತಾಡಲಿಲ್ಲ.

ಆರನೆಯ ದಿನ ಸಂಜೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. "ಅಮ್ಮ, ಅದಕ್ಕೆ ತುಂಬಾ ನೋವಾಯ್ತಾ?"

'ಇಲ್ಲ' ಎಂಬ ಮಾತು ಬ್ರೆಡ್ಡಕ್ಕನ ಬಾಯಿಗೆ ಬಂದಿತ್ತು. ನುಂಗಿಕೊಂಡಳು. "ಗೊತ್ತಿಲ್ಲ ಮಗಳೇ. ನಾನು ಇಳಿದು ಬರೋಷ್ಟರಲ್ಲಿ ಉಸಿರು ನಿಂತಿತ್ತು."

ಹುಡುಗಿ ಒಳಗೆ ಬಂದು, ಅಮ್ಮನಿಗೆ ಒರಗಿ ಕೂತಳು.

ಈ ಕಥೆ ಕೇಳಿದ ಅಕ್ಕ, ಅಣ್ಣ, ಇಂಥ ಗಳಿಗೆ ಹೇಳಿ ಕೇಳಿ ಬರುವುದಿಲ್ಲ. ಬಂದರೆ, ಕೈ ನಡುಗುವಾಗ ಗಾಡಿ ಓಡಿಸಬೇಡಿ, ಒಬ್ಬರೇ ಇರಬೇಡಿ. ಮಕ್ಕಳಿಗೆ ನಿಜವನ್ನೇ ಹೇಳಿ. ಅಳುವವರ ಮುಂದೆ 'ನಾಯಿ ತಾನೇ' ಅನ್ನಬೇಡಿ. ವಾರಗಟ್ಟಲೆ ಊಟ, ನಿದ್ದೆ ಹತ್ತದಿದ್ದರೆ ಆರೋಗ್ಯ ಕೇಂದ್ರಕ್ಕೆ ಹೋಗಿ ಹೇಳಿಕೊಳ್ಳಿ. ಅದರಲ್ಲಿ ನಾಚಿಕೆಯೇನಿಲ್ಲ. ಮತ್ತೆ, ನಾಳೆ ಬೆಳಿಗ್ಗೆ ಗಾಡಿ ಹತ್ತುವ ಮುಂಚೆ ಅದರ ಸುತ್ತ ಒಂದು ಸಲ ನಡೆದು, ಬಗ್ಗಿ ಕೆಳಗೆ ನೋಡಿ. ಅಲ್ಲಿ ನಾಯಿ ಮಲಗಿರಬಹುದು, ಅಂಬೆಗಾಲಿಡುವ ಕೂಸೂ ಇರಬಹುದು.