ಮೂರು ವರ್ಷ ದೊಡ್ಡವಳು

ಕುಂದಾಪುರದಿಂದ ತಂದ ಜನನ ಪತ್ರವನ್ನು ಓದಿ ಸುಗಂಧಿ ಮೊದಲು ನಕ್ಕಳು. ಹೆಸರು ಸುಗಂಧಿ, ತಂದೆ ಸೂರ, ತಾಯಿ ವನಜ, ಊರು ತ್ರಾಸಿ. ಎಲ್ಲವೂ ಸರಿ. ಹುಟ್ಟಿದ ದಿನ ಮಾತ್ರ ತೊಂಬತ್ತೇಳರ ಆಗಸ್ಟ್ ಹದಿನಾಲ್ಕು. ಶಾಲೆಯ ದಾಖಲೆಯಲ್ಲಿ ಇದ್ದದ್ದು ಎರಡು ಸಾವಿರದ ಜುಲೈ.

"ಅಮ್ಮಾ, ಕಾಣ್. ನನ್ನ ಮೂರ್ ವರ್ಷ ದೊಡ್ಡೋಳ್ ಮಾಡಿಟ್ಟಿರ್. ಸರ್ಕಾರದವ್ರಿಗ್ ನನ್ ಮದ್ವಿ ಮಾಡುಕ್ ಅರ್ಜೆಂಟ್ ಕಾಂತ್!"

ಮೀನು ಮಾರಿ ಬಂದು ಬುಟ್ಟಿ ತೊಳೆಯುತ್ತಿದ್ದ ವನಜ ನಗಲಿಲ್ಲ. "ಇನ್ನೊಂದ್ ಸಲ ಓದ್" ಎಂದಳು. ಮಗಳು ಓದಿದಳು. ವನಜ ಹೂಂ ಎಂದು, ತೊಳೆದಿಟ್ಟ ಬುಟ್ಟಿಯನ್ನೇ ಮತ್ತೆ ತೊಳೆದಳು.

ಅದು ಎರಡು ಸಾವಿರದ ಹದಿನೆಂಟರ ಬೇಸಿಗೆಯ ಆರಂಭ. ದೇಶದ ಮೇಲ್ದರ್ಜೆಯ ಮಹಿಳಾ ಫುಟ್‌ಬಾಲ್ ಲೀಗಿಗೆ ಬೆಂಗಳೂರಿನ ಒಂದು ಕ್ಲಬ್ ಸುಗಂಧಿಯನ್ನು ಆರಿಸಿತ್ತು. ತ್ರಾಸಿಯ ಹಸಿಮರಳಿನಲ್ಲಿ ಬರಿಗಾಲಲ್ಲಿ ಓಡಿ ಗಟ್ಟಿಯಾದ ಅವಳ ಎಡಗಾಲು ಅವರಿಗೆ ಬೇಕಾಗಿತ್ತು. ಆಟಗಾರ್ತಿಯರ ಪಟ್ಟಿಯ ಗಡುವು ಶನಿವಾರ ಮುಗಿಯುತ್ತಿತ್ತು. ಅಷ್ಟರೊಳಗೆ ಜನನ ಪತ್ರದಲ್ಲೂ ಶಾಲೆಯ ದಾಖಲೆಯಲ್ಲೂ ಹುಟ್ಟಿದ ದಿನ ಒಂದೇ ಇರಬೇಕು.

ತಂಡದ ಮ್ಯಾನೇಜರ್ ಹರಿಣಾಕ್ಷಿ ಫೋನಿನಲ್ಲಿ ಹಗುರಾಗಿಯೇ ಹೇಳಿದರು. "ಶಾಲೆಯವರದ್ದು ತಪ್ಪು ಅಂತ ಅಮ್ಮನ ಕೈಲಿ ಒಂದು ಅಫಿಡವಿಟ್ ಮಾಡಿಸು, ಸಾಕು. ಹದಿನೇಳಾದ್ರೇನು ಇಪ್ಪತ್ತಾದ್ರೇನು ಮಾರಾಯ್ತಿ, ಕಾಲು ಅದೇ ಅಲ್ವಾ?"

ಗುರುವಾರ ತಾಯಿ ಮಗಳು ಕುಂದಾಪುರಕ್ಕೆ ಹೋದರು. ನೋಟರಿಯವರ ಗುಮಾಸ್ತ ಟೈಪು ಮಾಡಿ, ಎಲ್ಲರಿಗೂ ಓದಿ ಹೇಳುವಂತೆ ಗಟ್ಟಿಯಾಗಿ ಓದಿದ: "ನನಗೆ ಸುಗಂಧಿ ಎಂಬ ಒಬ್ಬಳೇ ಮಗಳಿದ್ದು, ಈಕೆಯು ಸದರಿ ದಿನಾಂಕದಂದು ಜನಿಸಿರುತ್ತಾಳೆ..."

ವನಜ ಹಿಡಿದ ಪೆನ್ನನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

"ಎಂತ ಆಯ್ತ್ ಅಮ್ಮ?" ಎಂದ ಗುಮಾಸ್ತ.

"ಅದ್ ನಂಗ್ ಹೇಳುಕ್ ಆಪ್ದಿಲ್ಲೆ."

ಹೊರಗೆ, ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಳಿತು ವನಜ ಹೇಳಿದಳು. ಅತ್ತ ಇತ್ತ ಬಸ್ಸುಗಳು ಹಾರ್ನ್ ಹಾಕುತ್ತಿದ್ದವು. ಅವಳು ದನಿ ಏರಿಸಲಿಲ್ಲ.

"ಅದ್ ನಿನ್ ಕಾಗ್ದ ಅಲ್ಲ. ನಿನ್ ಅಕ್ಕಂದ್. ಅದ್ ಹುಟ್ಟಿದ್ ಇಲ್ಲೇ, ಆಸ್ಪತ್ರೆಯಲ್. ನಿನ್ ಅಪ್ಪಯ್ಯನೇ ಹೋಗಿ ಹೆಸ್ರ್ ಬರ್ಸಿ ಬಂದ್ರ್. ವರ್ಷ ತುಂಬಿ ಎರಡೇ ತಿಂಗಳ್. ಜ್ವರ ಬಂತ್, ಮೂರನೇ ದಿನ ಇಲ್ಲೆ."

"ನಂಗೂ ಅದೇ ಹೆಸ್ರಾ?"

"ಹೆಣ್ ಮಗು ಆರೆ ಸುಗಂಧಿ ಅಂದೇಳಿ ಅಪ್ಪಯ್ಯ ಕೊಲ್ಲೂರಮ್ಮನ ಎದ್ರ್ ಹೇಳ್ಕಂಡಿದ್ರ್. ದೇವ್ರಿಗ್ ಹೇಳಿದ್ ಹೆಸ್ರ್ ಹಿಂದ್ ತಕಂಬುಕ್ ಆತ್ತಾ? ನೀ ಹುಟ್ಟಿದ್ ಮನೆಯಲ್, ಜೋರ್ ಮಳೆಗೆ. ನಿಂದ್ ಬರ್ಸುಕ್ ಯಾರೂ ಹೋಯ್ಲಿಲ್ಲ. ಅದ್ ಸತ್ತದ್ದನ್ನೂ ಬರ್ಸ್ಲಿಲ್ಲ."

ಸುಗಂಧಿ ಆ ಕಾಗದ ಬಿಚ್ಚಿ ಹೆಸರಿನ ಮೇಲೆ ಬೆರಳಿಟ್ಟಳು. "ಇಷ್ಟ್ ವರ್ಷ ಒಂದ್ ದಿನ ಹೇಳ್ಲಿಲ್ಲ ಅಲ್ದಾ ನೀನ್?"

"ದಿನಾ ಆ ಹೆಸ್ರ್ ಕರೀತಿದ್ದೆ ಅಲ್ದಾ, ಮಗಾ."

ಸುಗಂಧಿ ಮಗುವಿನ ಒಂದು ಫೋಟೊ ಇದೆಯೇ ಎಂದು ಕೇಳಿದಳು. ಇರಲಿಲ್ಲ. ಆ ಕಾಗದವೊಂದೇ.

ಸುಗಂಧಿಯದೇ ಜನನವನ್ನು ಹೊಸದಾಗಿ ಬರೆಸಲು ಆಗುತ್ತದೆಯೇ ಎಂದು ಇಬ್ಬರೂ ಜನನ ಪತ್ರ ಕೊಡುವ ಕಚೇರಿಯಲ್ಲಿ ವಿಚಾರಿಸಿದರು. ಆಗುತ್ತದೆ, ಆದರೆ ಕೋರ್ಟಿನ ಆದೇಶ ಬೇಕು, ಎರಡು ಮೂರು ತಿಂಗಳು ಹಿಡಿಯುತ್ತದೆ ಎಂದರು. ಲೀಗು ಅಷ್ಟು ಕಾಯುವುದಿಲ್ಲ.

ಶುಕ್ರವಾರ ಬೆಳಿಗ್ಗೆ ಸುಗಂಧಿ ಬೂಟು ಕಟ್ಟಿಕೊಂಡು ಮರಳಿನ ಮೇಲೆ ಎಂದಿಗಿಂತ ಹೆಚ್ಚು ಓಡಿದಳು. ಉಸಿರು ಕಟ್ಟುವವರೆಗೆ ಓಡಿ ಮನೆಗೆ ಬಂದಾಗ ತಾಯಿ ಒಳ್ಳೆಯ ಸೀರೆ ಉಟ್ಟು ಜಗಲಿಯಲ್ಲಿ ನಿಂತಿದ್ದಳು. ಆ ದಿನ ಬುಟ್ಟಿ ತಲೆಗೇರಿರಲಿಲ್ಲ.

"ನಡಿ. ಸೈನ್ ಹಾಕ್ತೆ."

"ಒಬ್ಬಳೇ ಮಗಳ್ ಅಂತ ಹಾಕುದಾ?"

"ಹಾಕ್ತೆ." ವನಜ ಮಗಳ ಮುಖ ನೋಡದೆ ಹೇಳಿದಳು. "ಹೋದ್ ಮಗು ಎಂತ ಕೇಂಬುಕ್ ಬತ್ತಿಲ್ಲೆ. ಕೇಂಬುದ್ ನೀನ್. ಹೋಪ, ಹತ್ತೂವರೆ ಬಸ್ಸ್ ಈಗ ಬತ್ತ್."

ಸುಗಂಧಿಗೆ ಆಟ ಬೇಕಿತ್ತು. ಹಸಿವಿನ ಹಾಗೆ ಬೇಕಿತ್ತು. ತಾಯಿ ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇದ್ದಳು. ಬೆರಳ ತುದಿ ಬಿಳಿಚಿತ್ತು.

"ಆ ಬಸ್ಸ್ ಹೋಯ್ತ್ ಅಮ್ಮ," ಎಂದಳು ಸುಗಂಧಿ. "ಓಡಿ ಬಪ್ಪತಿಗೆ ಕಂಡೆ."

ಅಷ್ಟರಲ್ಲೇ ಹೆದ್ದಾರಿಯಲ್ಲಿ ಹಾರ್ನ್ ಕೇಳಿತು. ಬಸ್ಸು ನಿಂತದ್ದು ಇಬ್ಬರಿಗೂ ಕೇಳಿತು. ಯಾರೋ ಇಳಿದರು, ಯಾರೋ ಹತ್ತಿದರು, ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟು ದೂರವಾಗುವವರೆಗೆ ಇಬ್ಬರೂ ಅಲುಗಲಿಲ್ಲ.

ಸುಗಂಧಿ ಜಗಲಿಯ ಮೆಟ್ಟಿಲ ಮೇಲೆ ಕುಳಿತು ಹರಿಣಾಕ್ಷಿಗೆ ಫೋನು ಮಾಡಿದಳು. "ಮೇಡಂ, ಪಟ್ಟಿಯಿಂದ ಹೆಸರು ತೆಗೀರಿ." ಆಚೆಯಿಂದ ಬಹಳ ಮಾತು ಬಂತು, ಮುಂದಿನ ವರ್ಷ ಯಾರು ಎಲ್ಲಿರುತ್ತಾರೋ ಎಂಬ ಮಾತೂ ಬಂತು. "ಹೌದು ಮೇಡಂ, ಗೊತ್ತು" ಎಂದಷ್ಟೇ ಹೇಳಿ ಇಟ್ಟಳು.

"ಯಾರ್ ಹೆಸ್ರ್ ತೆಗೂಕ್ ಹೇಳ್ದೆ?" ವನಜ ಕೇಳಿದಳು.

"ನಂದ್."

ವನಜ ಮಗಳ ಕೆಳಗಿನ ಮೆಟ್ಟಿಲಲ್ಲಿ ಕುಳಿತು, ಅವಳ ಕಾಲನ್ನು ತನ್ನ ಮಡಿಲಿಗೆ ಎಳೆದುಕೊಂಡು ಬೂಟಿನ ಗಂಟು ಬಿಚ್ಚತೊಡಗಿದಳು. ಮರಳು ಕೂತು ಗಂಟು ಬಿಗಿದಿತ್ತು. ಕಣ್ಣು ಕಾಣದೆ ಬೆರಳು ತಡವರಿಸುತ್ತಿತ್ತು. ಸುಗಂಧಿ ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.