ಶುಕ್ರವಾರದ ನಿದ್ದೆ

ಶುಕ್ರವಾರ ಮಕ್ಕಳು ಕೈ ಬದಲಾಗುವ ದಿನ. ಬೆಳಿಗ್ಗೆ ಅಮ್ಮ ತಂದು ಬಿಟ್ಟ ಮಗುವನ್ನು ಸಂಜೆ ಅಪ್ಪ ಬಂದು ಕರೆದೊಯ್ಯುತ್ತಾನೆ; ಮುಂದಿನ ಶುಕ್ರವಾರ ಅಪ್ಪ ಬಿಟ್ಟ ಮಗುವನ್ನು ಅಮ್ಮ. ಬೇರೆಯಾದ ಗಂಡಹೆಂಡಿರು ಒಬ್ಬರ ಮುಖ ಒಬ್ಬರು ನೋಡದೆ ಮಗುವನ್ನು ದಾಟಿಸಲು ಉತ್ತರದ ಕಡಲಂಚಿನ ಲೆಮ್ವಿಗ್ ಊರಿನ ಆ ಶಿಶುಮನೆಗಿಂತ ಒಳ್ಳೆಯ ಸೇತುವೆ ಬೇರೆ ಇರಲಿಲ್ಲ. ಅವತ್ತು ಗೂಟಗಳಲ್ಲಿ ಕೋಟುಗಳ ಜೊತೆ ಬಟ್ಟೆಯ ಚೀಲಗಳೂ ನೇತಾಡುತ್ತಿದ್ದವು. ಚೀಲದ ಬಾಯಿಂದ ಮೊಲದ ಕಿವಿಯೋ ಕರಡಿಯ ಕಾಲೋ ಇಣುಕುತ್ತಿತ್ತು.

ಆಸ್ಟಾ ಅಲ್ಲಿ ಕೆಲಸ ಕಲಿಯಲು ಬಂದ ಹುಡುಗಿ. ಓದನ್ನು ಅರ್ಧಕ್ಕೆ ಬಿಟ್ಟು, ಒಂದಷ್ಟು ದಿನ ಮೀನಿನ ಅಂಗಡಿಯಲ್ಲಿ ನಿಂತು, ಕೊನೆಗೆ ಮಕ್ಕಳ ಮೂಗು ಒರೆಸುವುದರಲ್ಲಿ ತನಗೊಂದು ಸುಖವಿದೆ ಎಂದು ಕಂಡುಕೊಂಡಿದ್ದಳು. ಇನ್ನೂ ಪರೀಕ್ಷೆಯ ಅವಧಿ. ಚಳಿಗಾಲ ಮುಗಿಯುವುದರೊಳಗೆ ಬೋದಿಲ್ ಹೂಂ ಅಂದರೆ ಉಳಿಯುತ್ತಾಳೆ, ಉಹೂಂ ಅಂದರೆ ಇಲ್ಲ. ಬೋದಿಲ್ ಆ ಮನೆಯ ಹಿರಿಯಳು, ಆಸ್ಟಾಗೆ ಕೆಲಸ ಕಲಿಸುವವಳು. ಗಿಡ್ಡ ಕೂದಲು, ದೊಡ್ಡ ಕೈಗಳು, ಮಾತು ಕಡಿಮೆ.

ಆಸ್ಟಾಗೆ ಒಂದು ಕೈಗುಣವಿತ್ತು. ಊಟವಾದ ಮೇಲೆ ಮಕ್ಕಳಿಗೆ ಮೈಕಾಲೆಲ್ಲ ಮುಚ್ಚುವ ಉಣ್ಣೆಯ ಅಂಗಿ ತೊಡಿಸಿ, ಅಂಗಳದ ಮಾಡಿನ ಕೆಳಗೆ ಸಾಲಾಗಿ ನಿಂತ ಮಕ್ಕಳ ತಳ್ಳುಗಾಡಿಗಳಲ್ಲಿ ಮಲಗಿಸಿ, ಸೊಂಟಕ್ಕೆ ಪಟ್ಟಿ ಕಟ್ಟಿ, ಪುಕ್ಕದ ಹೊದಿಕೆ ಹೊದಿಸುವುದು ವಾಡಿಕೆ. ಹಿಮ ಬೀಳಲಿ, ಸಮುದ್ರದ ಗಾಳಿ ಬೀಸಲಿ, ಮಕ್ಕಳು ಮಲಗುವುದು ಹೊರಗೇ; ತಂಪು ಗಾಳಿ ಮಕ್ಕಳಿಗೆ ಒಳ್ಳೆಯದೆಂದು ಅಲ್ಲಿನವರ ನಂಬಿಕೆ. ಉಳಿದವರು ಗಾಡಿ ತೂಗಿ ತೂಗಿ ಕೈ ಸೋತು ಹೋಗುವಾಗ ಆಸ್ಟಾ ಗಾಡಿಯ ಅಂಚಿಗೆ ಗಲ್ಲ ಊರಿ, ಅಜ್ಜಿಯಿಂದ ಕೇಳಿದ ಕಥೆಗಳನ್ನು ಪಿಸುಗುಡುತ್ತಿದ್ದಳು. ಮರಳದಿಬ್ಬದ ಒಳಗೆ ಕುಳ್ಳ ಜನ ದೀಪ ಹಚ್ಚಿ ರೊಟ್ಟಿ ಬೇಯಿಸುತ್ತಾರೆ, ಆ ಹೊಗೆಯೇ ಮಂಜು. ಕಡಲ ಹಸು ರಾತ್ರಿ ದಡಕ್ಕೆ ಬಂದು ಉಪ್ಪು ಹುಲ್ಲು ಮೇಯುತ್ತದೆ. ಕಥೆ ಮುಗಿಯುವ ಮೊದಲೇ ಕಣ್ಣುಗಳು ಮುಚ್ಚಿರುತ್ತಿದ್ದವು.

"ಏನೇ, ಬಾಟಲಿಯಲ್ಲಿ ಏನಾದ್ರೂ ಬೆರೆಸ್ತೀಯಾ?" ಎಂದು ಅಡುಗೆಯ ಉಲ್ಲಾ ಕಿಚಾಯಿಸುತ್ತಿದ್ದಳು. "ನನ್ನ ಗಂಡನಿಗೂ ಒಂದು ಕಥೆ ಹೇಳು ಬಾ. ನಡುರಾತ್ರಿವರೆಗೂ ಫುಟ್ಬಾಲ್ ನೋಡ್ತಾನೆ."

ಎಸ್ಕಿಲ್ ಎಂಬ ಹುಡುಗನಿಗೆ ಮಾತ್ರ ನಿದ್ದೆ ಸುಲಭವಲ್ಲ. ಎರಡು ದಾಟಿ ಮೂರರತ್ತ ಹೊರಟಿದ್ದ ಮಗು, ಮಾತೆಲ್ಲ ಬರುತ್ತಿತ್ತು. ಅವನ ಅಮ್ಮ ಮೆರೆಟೆ, ಅಪ್ಪ ಟ್ರೋಲ್ಸ್ ಬೇರೆಯಾಗಿ ಒಂದು ವರ್ಷವೂ ಆಗಿರಲಿಲ್ಲ. ಆ ಶುಕ್ರವಾರ ಮಧ್ಯಾಹ್ನ ಅವನು ಹೊದಿಕೆಯನ್ನು ಒದ್ದು ಒದ್ದು ಕೆಂಪಾಗಿದ್ದ.

"ಅಮ್ಮ ಎಲ್ಲಿ?"

"ಕೆಲಸಕ್ಕೆ ಹೋಗಿದಾರೆ ಕಂದ."

"ಅಮ್ಮ ಬೇಕು."

ಆಸ್ಟಾಳ ಕೈಯೆಲ್ಲ ಚಳಿಗೆ ಮರಗಟ್ಟಿತ್ತು, ಉಳಿದ ಮಕ್ಕಳು ಏಳುವ ಭಯ. ಕಥೆಯಲ್ಲಿ ಎಷ್ಟೋ ರಾಜಕುಮಾರರು ಹೀಗೆ ಅತ್ತಿದ್ದರು, ಎಷ್ಟೋ ಮುದುಕಿಯರು ಇದೇ ಮಾತು ಹೇಳಿದ್ದರು. ಆಸ್ಟಾಳ ನಾಲಿಗೆಗೆ ಅದು ತಾನಾಗಿ ಬಂತು: "ಕಣ್ಣು ಮುಚ್ಚು. ತೆರೆದಾಗ ಅಮ್ಮ ಬಂದು ನಿಂತಿರ್ತಾರೆ."

"ನಿಜ?"

"ನಿಜ."

ಬೆಳಿಗ್ಗೆ ತಂದು ಬಿಟ್ಟದ್ದು ಮೆರೆಟೆ. ಬಿಟ್ಟವರೇ ಬಂದು ಕರೆದೊಯ್ಯುತ್ತಾರೆ ಎಂದು ಆಸ್ಟಾಳ ತಲೆಯಲ್ಲಿ ಕೂತುಬಿಟ್ಟಿತ್ತು. ಅದು ಶುಕ್ರವಾರ ಎಂಬುದು ಮರೆತೇಹೋಗಿತ್ತು. ಎಸ್ಕಿಲ್ ನಿಟ್ಟುಸಿರಿಟ್ಟು ಮಲಗಿದ.

ಅವನು ಕಣ್ಣು ಬಿಟ್ಟಾಗ ಗಾಡಿಯ ಬಳಿ ಬಗ್ಗಿ ನಿಂತಿದ್ದವನು ಟ್ರೋಲ್ಸ್. ದೋಣಿ ರಿಪೇರಿಯ ಕೆಲಸ ಬೇಗ ಮುಗಿಸಿ, ಉಗುರಿನ ಕಪ್ಪು ತಿಕ್ಕಿ ತೊಳೆದು, ಮಗನನ್ನು ತಾನೇ ಎಬ್ಬಿಸಬೇಕೆಂದು ಓಡಿ ಬಂದಿದ್ದ. ಎಸ್ಕಿಲ್ ಅವನನ್ನು ನೋಡಿ ಕಿರುಚಿದ. ಬರೀ ಅಳುವಲ್ಲ ಅದು. "ನೀನು ಬೇಡ, ನೀನು ಬೇಡ" ಎಂದು ಅಪ್ಪನ ಮುಖಕ್ಕೆ ಹೊಡೆದ. ಒಳಗೆ ಎತ್ತಿಕೊಂಡು ಬಂದರೆ ಬಾಗಿಲ ಚೌಕಟ್ಟು ಹಿಡಿದು ಬಿಡಲಿಲ್ಲ. ಬೇರೆ ಮಕ್ಕಳನ್ನು ಕರೆದೊಯ್ಯಲು ಬಂದಿದ್ದ ತಾಯಂದಿರು ಸುಮ್ಮನೆ ನೆಲ ನೋಡಿದರು. ಟ್ರೋಲ್ಸ್ ನಗಲು ಪ್ರಯತ್ನಿಸಿದ. "ಏನಪ್ಪ, ಅಪ್ಪನ ಗುರುತೇ ಸಿಗ್ಲಿಲ್ವಾ?" ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಸೈಕಲ್ಲಿನ ಮುಂದಿನ ಪೆಟ್ಟಿಗೆಯಲ್ಲಿ ಕೂರಿಸಿ ಹೊರಟ. ತಿರುವು ದಾಟಿದ ಮೇಲೂ ಕೂಗು ಕೇಳಿಸುತ್ತಿತ್ತು.

ಆಸ್ಟಾ ಒಳಗೆ ನೀಲಿ ಬಕೆಟ್ಟಿನಲ್ಲಿ ಆಟಿಕೆ ತೊಳೆಯುತ್ತಿದ್ದಳು. ಅವಳಿಗೆ ಆಗ ಶುಕ್ರವಾರ ನೆನಪಾಯಿತು.

ಹೇಳಿಬಿಡಬೇಕಿತ್ತು. ಆದರೆ ಬೋದಿಲ್ ಮೊದಲ ದಿನವೇ ಒಂದು ಮಾತು ಹೇಳಿಟ್ಟಿದ್ದಳು: "ಯಾರು ಬರ್ತಾರೆ ಅಂತ ಮಕ್ಕಳು ಕೇಳಿದ್ರೆ ನನ್ನ ಕೇಳು. ನೀನಾಗಿ ಹೇಳ್ಬೇಡ." ಸೋಮವಾರ ಹೇಳಿದರಾಯಿತು, ಮಗು ಮರೆತಿರುತ್ತೆ ಎಂದುಕೊಂಡಳು. ಮಗು ಮರೆಯಲಿಲ್ಲ. ಎರಡು ವಾರ ಕಳೆದು, ಅಮ್ಮನ ವಾರ ಮತ್ತೆ ಮುಗಿದ ಶುಕ್ರವಾರ ಎಸ್ಕಿಲ್ ಮಲಗಲೇ ಒಪ್ಪದೆ, ಕೊನೆಗೆ ಆಯಾಸದಿಂದ ಕಣ್ಣು ಮುಚ್ಚಿದ. ಎದ್ದಾಗ ಮತ್ತೆ ಟ್ರೋಲ್ಸ್, ಮತ್ತೆ ಅದೇ ಕಿರುಚಾಟ.

ಸಣ್ಣ ಊರು. ಬಾಗಿಲಲ್ಲಿ ನೆಲ ನೋಡಿದ ತಾಯಂದಿರು ಅಂಗಡಿಯಲ್ಲಿ ಮೆರೆಟೆಯನ್ನು ಕಂಡಾಗ ನೆಲ ನೋಡಲಿಲ್ಲ. ಮಗು ಮತ್ತೆ ತನ್ನ ಬಳಿಗೆ ಬಂದ ವಾರ ಮೆರೆಟೆ ಶಿಶುಮನೆಗೆ ಫೋನ್ ಮಾಡಿದಳು: ಮಗು ಅಪ್ಪನಿಗೆ ಹೆದರುತ್ತಿದೆ, ಇನ್ನು ಮೇಲೆ ಎಸ್ಕಿಲ್ ತನ್ನ ಹತ್ತಿರವೇ ಇರಲಿ, ಅಪ್ಪ ಬೇಕಾದರೆ ಯಾವಾಗಲೋ ಒಂದು ಭಾನುವಾರ ನೋಡಲಿ. ನೀವು ಕಣ್ಣಾರೆ ಕಂಡದ್ದನ್ನು ಟ್ರೋಲ್ಸ್ ಎದುರೇ ಹೇಳಬೇಕು.

"ಬುಧವಾರ ಇಬ್ರೂ ಬರ್ತಾರೆ" ಎಂದಳು ಬೋದಿಲ್. ಮಕ್ಕಳ ಊಟದ ಕಪ್ಪು ರೈ ಬ್ರೆಡ್ಡಿಗೆ ಅರೆದ ಲಿವರ್ ಸವರುತ್ತಿದ್ದ ಚಾಕು ಅವಳ ಕೈಯಲ್ಲೇ ಇತ್ತು. "ನೀನೂ ಕೂತ್ಕೋ. ಇಂಥದ್ದನ್ನೂ ಕಲೀಬೇಕು."

"ನೀನು ಏನ್ ಹೇಳ್ತೀಯ?"

"ಕಂಡಿದ್ದು ಹೇಳ್ತೀನಿ. ಎರಡು ಸಲ ಕಿರುಚಿದ. ಹೊಡೆದ. ಅದು ಸುಳ್ಳಲ್ವಲ್ಲ."

"ಯಾಕೆ ಅಂತ...?"

"ಯಾಕೆ ಅಂತ ನನಗೆ ಗೊತ್ತಿದ್ರೆ ಅದನ್ನೂ ಹೇಳ್ತಿದ್ದೆ." ಬೋದಿಲ್ ತಲೆಯೆತ್ತಿ ಅವಳನ್ನು ನೋಡಿದಳು. "ನೀನ್ಯಾಕೆ ಬಿಳಿಚ್ಕೊಂಡಿದ್ದೀಯ? ಜ್ವರನಾ?"

"ಇಲ್ಲ."

ಮಂಗಳವಾರ ರಾತ್ರಿಯೆಲ್ಲ ಆಸ್ಟಾ ಲೆಕ್ಕ ಹಾಕಿದಳು. ಹೇಳಿದರೆ ಬೋದಿಲ್ ಉಹೂಂ ಅನ್ನುತ್ತಾಳೆ. ಮತ್ತೆ ಮೀನಿನ ಅಂಗಡಿ, ಮತ್ತೆ ತನ್ನ ಅಮ್ಮನ ನಿಟ್ಟುಸಿರು. ಹೇಳದಿದ್ದರೆ ಒಬ್ಬ ಮನುಷ್ಯ ಮಗನನ್ನು ಭಾನುವಾರಗಳಲ್ಲಿ ಮಾತ್ರ ನೋಡುತ್ತಾನೆ. ಅಜ್ಜಿಯ ಕಥೆಗಳಲ್ಲಿ ಇಂಥ ಕಡೆ ಹಕ್ಕಿಯೊಂದು ಕಿಟಕಿಗೆ ಬಂದು ನಿಜ ಹಾಡಿಬಿಡುತ್ತಿತ್ತು. ಇಲ್ಲಿ ತಾನೇ ಬಾಯಿ ತೆರೆಯಬೇಕು.

ಬುಧವಾರ ಮಕ್ಕಳೆಲ್ಲ ಹೊರಗೆ ಮಲಗಿದ್ದಾಗ ಅವರು ಬಂದರು. ಮಕ್ಕಳ ಕೋಣೆಯಲ್ಲೇ ಸಭೆ. ದೊಡ್ಡವರ ಮೊಣಕಾಲು ಗಲ್ಲಕ್ಕೆ ತಾಗುವಂಥ ಪುಟ್ಟ ಕುರ್ಚಿಗಳು. ಮೆರೆಟೆ ಕೋಟು ಬಿಚ್ಚಲಿಲ್ಲ. ಟ್ರೋಲ್ಸ್ ಕಾಫಿಯ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಕುಡಿಯದೆ ಕೂತ.

"ನಾನು ಜಗಳಕ್ಕೆ ಬಂದಿಲ್ಲ" ಎಂದಳು ಮೆರೆಟೆ. "ಮಗು ಹೇಳ್ತಿದೆ, ನಾನು ಕೇಳಿಸ್ಕೋತಿದೀನಿ ಅಷ್ಟೆ. ಇವನ ಮನೇಲಿ ಏನಾಗುತ್ತೆ ಅಂತ ನನಗೇನು ಗೊತ್ತು?"

"ಏನಾಗುತ್ತೆ? ಅನ್ನದ ಗಂಜಿ ಮಾಡ್ತೀನಿ, ದಾಲ್ಚಿನ್ನಿ ಜಾಸ್ತಿ ಹಾಕ್ತೀನಿ" ಎಂದ ಟ್ರೋಲ್ಸ್. "ಅದೇ ಅಪರಾಧ ಅಂತ ಬರ್ಕೋ."

"ನೋಡಿದ್ಯಾ ಬೋದಿಲ್, ಎಲ್ಲಾದಕ್ಕೂ ತಮಾಷೆ."

ಬೋದಿಲ್ ತಾನು ಕಂಡದ್ದನ್ನು ಹೇಳಿದಳು. ಒಂದು ಪದ ಹೆಚ್ಚಿಲ್ಲ, ಕಡಿಮೆಯಿಲ್ಲ. ಅವಳು ಹೇಳುತ್ತಿದ್ದಂತೆ ಟ್ರೋಲ್ಸ್‌ನ ಹೆಗಲು ಇಳಿಯುತ್ತ ಹೋಯಿತು. ಅವನು ಮತ್ತೆ ತಮಾಷೆ ಮಾಡಲಿಲ್ಲ. ಕೊನೆಗೆ ಬಟ್ಟಲನ್ನು ನೆಲದ ಮೇಲಿಟ್ಟು, ಯಾರನ್ನೂ ನೋಡದೆ ಹೇಳಿದ: "ಆಯ್ತು. ಅವನಿಗೆ ನಾನು ಬೇಡ ಅಂದ್ರೆ ಬೇಡ. ಎಳ್ಕೊಂಡು ಹೋಗೋದು ನನ್ನ ಕೈಲಿ ಆಗಲ್ಲ. ಆ ಬೆರಳು ಬಿಡಿಸೋವಾಗ... ಭಾನುವಾರ ಅಂದ್ರೆ ಭಾನುವಾರ."

ಮೆರೆಟೆ ಮಾತಿಗೆ ತಯಾರಾಗಿ ಬಂದಿದ್ದಳು, ಇದಕ್ಕೆ ತಯಾರಾಗಿರಲಿಲ್ಲ. ಕೈಗವಸು ತೆಗೆದು ಮತ್ತೆ ಹಾಕಿಕೊಂಡಳು.

"ನಾನು ಹೇಳಿದ್ದೆ" ಎಂದಳು ಆಸ್ಟಾ. ಮೂವರೂ ತಿರುಗಿದರು. ತನ್ನ ದನಿ ಎಲ್ಲಿಂದಲೋ ಬಂದಂತಿತ್ತು. "ಮೊದಲನೇ ಶುಕ್ರವಾರ ಮಲಗಿಸುವಾಗ ನಾನು ಎಸ್ಕಿಲ್‌ಗೆ ಹೇಳಿದ್ದೆ. ಕಣ್ಣು ಬಿಟ್ಟಾಗ ಅಮ್ಮ ನಿಂತಿರ್ತಾರೆ ಅಂತ. ಅವನು ನಿಜನಾ ಅಂತ ಕೇಳ್ದ. ನಿಜ ಅಂದೆ. ಶುಕ್ರವಾರ ಅನ್ನೋದೇ ಮರ್ತೋಗಿತ್ತು. ಅದಕ್ಕೇ ಕಿರುಚಿದ್ದು."

ಹೊರಗೆ ಗಾಳಿಗೆ ತಳ್ಳುಗಾಡಿಯೊಂದರ ಕೀಲು ಕಿರ್ ಎಂದಿತು.

"ಎರಡನೇ ಸಲಾನೂ ಕಿರುಚಿದ್ನಲ್ಲ" ಎಂದಳು ಮೆರೆಟೆ.

"ಎರಡನೇ ಸಲ ಅಮ್ಮ ಬರ್ತಾರೆ ಅಂತ ಕಾಯ್ತಿದ್ದ. ಅದಕ್ಕೇ ಮಲಗ್ಲಿಲ್ಲ."

"ಇವನನ್ನ ನೋಡಿ ಪಾಪ ಅನ್ನಿಸ್ತು, ಅದಕ್ಕೆ ಈಗ ಕಟ್ಟಿ ಹೇಳ್ತಿದ್ದೀಯ. ಕಥೆ ಹೇಳೋ ಹುಡುಗಿ ಅಂತ ಎಲ್ರೂ ಹೇಳ್ತಾರಲ್ಲ ನಿನ್ನ."

ಸುಳ್ಳು ಹೇಳಿದಾಗ ಮಗು ನಂಬಿತ್ತು. ನಿಜ ಹೇಳಿದಾಗ ದೊಡ್ಡವರು ನಂಬುತ್ತಿಲ್ಲ. ಟ್ರೋಲ್ಸ್ ಎದ್ದು ನಿಂತಿದ್ದ. ಅವನ ಕುತ್ತಿಗೆ ಕೆಂಪಗಾಗಿತ್ತು.

"ಇಷ್ಟು ದಿನ" ಎಂದ. "ಇಷ್ಟು ದಿನ ಅವನು ನನಗೆ ಹೆದರ್ತಾನೆ ಅಂತ ನಾನೇ ನಂಬಿದ್ದೆ ಗೊತ್ತಾ? ನಿದ್ದೆಗಣ್ಣಲ್ಲಿ ನಾನೇನಾದ್ರೂ ಜೋರಾಗಿ ಗದರ್ಸಿದ್ನಾ, ಸ್ನಾನ ಮಾಡ್ಸೋವಾಗ ನೀರು ಬಿಸಿ ಇತ್ತಾ ಅಂತ ಒಂದೊಂದೇ ಹುಡುಕ್ತಿದ್ದೆ. ನೀನು ಇಲ್ಲೇ ಆಟಿಕೆ ತೊಳೀತಾ ಇದ್ದೆ."

"ಹೌದು."

"ಹೌದಂತೆ." ಅವನು ಬಾಗಿಲವರೆಗೂ ಹೋಗಿ ಮರಳಿ ಬಂದ.

ಬೋದಿಲ್ ಮೆರೆಟೆಯ ಕಡೆ ವಾಲಿದಳು. "ನಾನು ಕಂಡಿದ್ದು ಹೇಳ್ದೆ. ಈಗ ಕೇಳಿದ್ದೂ ಸೇರಿಸ್ಕೋಬೇಕಾಗುತ್ತೆ. ನಿನಗೆ ನಂಬಿಕೆ ಇಲ್ದೆ ಇದ್ರೆ ಇನ್ನೊಂದು ಶುಕ್ರವಾರ ನೋಡು."

ಮೆರೆಟೆ ಕಿಟಕಿಯಾಚೆ ನೋಡಿದಳು. ಸಾಲಿನ ಯಾವ ಗಾಡಿಯಲ್ಲಿ ತನ್ನ ಮಗ ಮಲಗಿದ್ದಾನೆಂದು ಅವಳಿಗೆ ಗೊತ್ತಿತ್ತು. "ಒಂದು" ಎಂದಳು. "ಈ ಶುಕ್ರವಾರ ಒಂದು. ಮತ್ತೆ ಹಾಗೇ ಆದ್ರೆ ನಾನು ವಕೀಲರ ಹತ್ರ ಹೋಗ್ತೀನಿ."

ಅವರು ಹೋದ ಮೇಲೆ ಬೋದಿಲ್ ಬಟ್ಟಲುಗಳನ್ನು ಎತ್ತಿದಳು. ಬೈಯಲಿಲ್ಲ, ಬೈದಿದ್ದರೆ ಆಸ್ಟಾಗೆ ಹಗುರಾಗುತ್ತಿತ್ತು.

"ನಾನು ಹೋಗ್ಬೇಕಾ?" ಎಂದು ಆಸ್ಟಾ ಕೇಳಿದಳು.

"ಗೊತ್ತಿಲ್ಲ. ತಿಂಗಳ ಕೊನೆಗೆ ಹೇಳ್ತೀನಿ. ಅಲ್ಲೀವರೆಗೂ ಮಲಗಿಸೋ ಕೆಲಸ ನಿನ್ನದಲ್ಲ." ಬೋದಿಲ್ ನಲ್ಲಿ ತಿರುಗಿಸಿದಳು. "ಆದ್ರೆ ಎಸ್ಕಿಲ್‌ಗೆ ನೀನೇ ಹೇಳ್ಬೇಕು. ನಾನು ಹೇಳಿದ್ರೆ ಅವನಿಗೆ ಅದು ಇನ್ನೊಬ್ಬಳು ಹೇಳಿದ ಇನ್ನೊಂದು ಮಾತು ಅಷ್ಟೆ."

ಶುಕ್ರವಾರ ಊಟವಾದ ಮೇಲೆ ಆಸ್ಟಾ ಎಸ್ಕಿಲ್‌ನ ಮುಂದೆ ಮಂಡಿಯೂರಿದಳು. ಅವನ ಒಂದು ಕಾಲು ಉಣ್ಣೆಯ ಅಂಗಿಯೊಳಗಿತ್ತು, ಇನ್ನೊಂದು ಹೊರಗೆ.

"ಎಸ್ಕಿಲ್, ಇವತ್ತು ನೀನು ಎದ್ದಾಗ ಅಪ್ಪ ಬರ್ತಾರೆ. ಅಮ್ಮ ಬರಲ್ಲ."

ಅವನು ಅವಳನ್ನೇ ನೋಡಿದ. "ಅಮ್ಮ ಅಂದೆ."

"ಅವತ್ತು ಅಂದೆ. ತಪ್ಪು ಹೇಳ್ದೆ. ಅಮ್ಮ ತಪ್ಪು ಮಾಡ್ಲಿಲ್ಲ, ಅಪ್ಪ ತಪ್ಪು ಮಾಡ್ಲಿಲ್ಲ. ನಾನು ಮಾಡ್ದೆ."

ಎಸ್ಕಿಲ್ ಯೋಚಿಸಿದ. ಆಮೇಲೆ ಹೊರಗಿದ್ದ ಕಾಲನ್ನು ಅವಳಿಗೆ ಕೊಡದೆ ಬೋದಿಲ್ ಕಡೆ ಚಾಚಿದ. ಬೋದಿಲ್ ಅವನನ್ನು ಎತ್ತಿಕೊಂಡು ಹೊರಗೆ ಹೋದಳು. ಕಥೆಯಿಲ್ಲದೆ ಅವನು ಮಲಗಲು ತುಂಬ ಹೊತ್ತು ಹಿಡಿಯಿತು. ಗಾಡಿ ತೂಗುವ ಬೋದಿಲ್‌ಳ ಬೆನ್ನನ್ನು ಆಸ್ಟಾ ಅಡುಗೆಮನೆಯಿಂದ ನೋಡುತ್ತಿದ್ದಳು.

ಟ್ರೋಲ್ಸ್ ಬೇಗ ಬಂದ. ಒಳಗೆ ಬರಲಿಲ್ಲ, ಎಬ್ಬಿಸಲೂ ಇಲ್ಲ. ಬಕೆಟ್ಟೊಂದನ್ನು ಬೋರಲು ಹಾಕಿ ಗಾಡಿಯ ಪಕ್ಕ ಕೂತು, ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಕಾದ. ಉಲ್ಲಾ ಕಾಫಿ ಕೊಟ್ಟು ಬಂದಳು. "ಪಾಪ, ತೀರ್ಪಿಗೆ ಕೂತಂಗೆ ಕೂತಿದಾನೆ" ಎಂದಳು. ಅದರಲ್ಲಿ ತಮಾಷೆ ಇರಲಿಲ್ಲ.

ಹೊದಿಕೆ ಅಲುಗಾಡಿತು. ಎಸ್ಕಿಲ್ ತಲೆಯೆತ್ತಿ ಅಪ್ಪನನ್ನು ನೋಡಿದ. ಅಪ್ಪನ ಹಿಂದೆ ನೋಡಿದ. ಗೇಟಿನ ಕಡೆ ನೋಡಿದ. ಅವನ ತುಟಿ ಕೆಳಕ್ಕೆ ಸೊಟ್ಟಗಾಗುವುದು ಗಾಜಿನಾಚೆಯಿಂದಲೂ ಕಾಣುತ್ತಿತ್ತು. ಟ್ರೋಲ್ಸ್ ಕೈ ಚಾಚಲಿಲ್ಲ. ಏನೋ ಒಂದು ಮಾತು ಹೇಳಿದ, ಅದು ಒಳಗೆ ಕೇಳಿಸಲಿಲ್ಲ. ಎಸ್ಕಿಲ್ ಅಳತೊಡಗಿದ. ಜೋರಾಗಿಯೇ ಅತ್ತ, ಪಕ್ಕದ ಗಾಡಿಯ ಮಗುವೂ ಎಚ್ಚರಗೊಂಡಿತು. ಅಳುತ್ತಲೇ, ಎತ್ತಿಕೋ ಎಂಬಂತೆ ಎರಡೂ ಕೈಗಳನ್ನು ಅಪ್ಪನತ್ತ ಮೇಲೆತ್ತಿದ. ಟ್ರೋಲ್ಸ್ ಪಟ್ಟಿ ಬಿಚ್ಚಲು ತಡಕಾಡಿದ, ಬಿಚ್ಚಿ ಎತ್ತಿಕೊಂಡ. ಹುಡುಗ ಅವನ ಕಾಲರಿಗೆ ಮುಖ ಒತ್ತಿ ಅಳುತ್ತಲೇ ಇದ್ದ.

ಬೋದಿಲ್ ಬಂದು ಆಸ್ಟಾಳ ಪಕ್ಕ ನಿಂತಳು. "ಸಂಜೆ ಮೆರೆಟೆ ಫೋನ್ ಮಾಡ್ತಾಳೆ. ಅತ್ನಾ ಅಂತ ಕೇಳ್ತಾಳೆ. ಫೋನ್ ನೀನೇ ತಗೋ."

"ಅತ್ತ ಅಂತೀನಿ."

"ಹೂಂ."

"ಎತ್ಕೋ ಅಂತ ಅಪ್ಪನಿಗೆ ಕೈ ಚಾಚಿದ್ದನ್ನೂ ಹೇಳ್ತೀನಿ."

"ಅವಳು ನಂಬೋದು ಅನುಮಾನ ಕಣೇ."

"ಗೊತ್ತು" ಎಂದಳು ಆಸ್ಟಾ. ಆಮೇಲೆ ಕೈ ಒರೆಸಿಕೊಂಡು, ಎಚ್ಚರಗೊಂಡ ಇನ್ನೊಂದು ಮಗುವನ್ನು ಎತ್ತಿಕೊಳ್ಳಲು ಹೊರಗೆ ಹೋದಳು.